ಇಟ್ಟಿಗೆಯ ಅಂಗಿ ತೊಟ್ಟ ಕಾಂಕ್ರೀಟ್ ಮನೆ: ಕೊಳ್ಳುವ ಮುನ್ನ, ಕೆಡಹುವ ಮುನ್ನ

ಬ್ರಿಟನ್ನಿನಲ್ಲಿ ಮನೆ ಹುಡುಕುತ್ತಿರುವ ಕನ್ನಡಿಗರ ಕಣ್ಣಿಗೆ ಬೀದಿಯ ಉಳಿದ ಮನೆಗಳಿಗಿಂತ ಅಗ್ಗದ ಜೋಡಿಮನೆಯೊಂದು ಬಿದ್ದರೆ, ಮೊದಲು ಅದನ್ನು ಕಟ್ಟಿದ ವರ್ಷ ಕೇಳಬೇಕು. 1945ರಿಂದ 1955ರ ನಡುವಿನದಾದರೆ ಬೆಲೆ ಇಳಿದ ಕಾರಣ ಗೋಡೆಯೊಳಗೇ ಇರಬಹುದು.

ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಮನೆಗಳಿಗಷ್ಟೇ ಅಲ್ಲ, ಇಟ್ಟಿಗೆಗೂ ಗಾರೆ ಕೆಲಸದವರಿಗೂ ಬರವಿತ್ತು. ಹಾಗಾಗಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಜೋಡಿಸಿದರು. ಲೀಡ್ಸ್‌ನ ಸರ್ ಎಡ್ವಿನ್ ಏರಿ ರೂಪಿಸಿದ ಮನೆಗಳು ಇವುಗಳಲ್ಲಿ ಹೆಸರಾದವು. 1980ರ ದಶಕದ ಆರಂಭದಲ್ಲಿ, ಬೆಂಕಿಗೆ ಸಿಕ್ಕ ಒಂದು ಏರಿ ಮನೆಯನ್ನು ಪರೀಕ್ಷಿಸುವಾಗ ಗೋಡೆಯೊಳಗಿನ ಕಾಂಕ್ರೀಟ್ ಕಂಬಗಳು ಬಿರುಕು ಬಿಟ್ಟಿರುವುದು ಗೊತ್ತಾಯಿತು. 1984ರ ಕಾಯಿದೆ ಇಂಥ ಹಲವು ಮಾದರಿಗಳನ್ನು ದೋಷಪೂರಿತವೆಂದು ಸಾರಿ, ತಿಳಿಯದೆ ಕೊಂಡವರಿಗೆ ದುರಸ್ತಿ ವೆಚ್ಚದ ಶೇ 90ರಷ್ಟು ನೆರವು ಕೊಟ್ಟಿತು.

ಮೊದಲ ಕೆಲಸ, ಗುರುತು ಹಿಡಿಯುವುದು. ಮೂಲ ಏರಿ ಮನೆಯ ಹೊರಗೆ ಕಾಂಕ್ರೀಟ್ ಹಲಗೆಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಆದರೆ ಕೆಲವರು ಆ ಹಲಗೆಗಳ ಜಾಗದಲ್ಲಿ ಇಟ್ಟಿಗೆ ಕಟ್ಟಿ, ಒಳಗಿನ ಕಂಬಗಳನ್ನು ಹಾಗೇ ಬಿಟ್ಟಿರುತ್ತಾರೆ. ಟಾರ್ಚ್ ಹಿಡಿದು ಅಟ್ಟ ಹತ್ತಿ. ಎರಡು ಮನೆಗಳ ನಡುವಿನ ಗೋಡೆ ಅಲ್ಲಿ ಸುಳ್ಳು ಹೇಳುವುದಿಲ್ಲ: ಹಳೆಯ ಕಾಂಕ್ರೀಟ್ ಉಳಿದಿದ್ದರೆ ಅಲ್ಲಿ ಕಾಣುತ್ತದೆ.

ಎರಡನೆಯದು ಪರೀಕ್ಷೆ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರೇ ಮಾಡಬೇಕು. ಕಂಬದ ಹೊಸದಾಗಿ ಒಡೆದ ಮೈಗೆ ಫಿನಾಫ್ತಲೀನ್ ಸಿಂಪಡಿಸುತ್ತಾರೆ. ನಮ್ಮ ಹೈಸ್ಕೂಲಿನ ಪ್ರಯೋಗಾಲಯದ ಅದೇ ದ್ರಾವಣ! ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರಗುಣ ಉಳಿದಿದೆ, ಕಂಬದೊಳಗಿನ ಉಕ್ಕಿಗೆ ತುಕ್ಕಿನಿಂದ ಕಾವಲಿದೆ. ಬಣ್ಣ ಬಾರದ ಪದರ ಉಕ್ಕನ್ನು ಮುಟ್ಟಿದ್ದರೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಕಾವಲನ್ನು ಕಸಿದಿದೆ. ತುಕ್ಕು ಹಿಡಿದ ಉಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಬೇಗ ಗಟ್ಟಿಯಾಗಲೆಂದು ಆಗ ಬೆರೆಸುತ್ತಿದ್ದ ಕ್ಯಾಲ್ಸಿಯಂ ಕ್ಲೋರೈಡ್ ಇದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ; ಅದನ್ನೂ ಅಳೆಸಿ.

ಮೂರನೆಯದು ದುರಸ್ತಿ. ಮಹಡಿಗೂ ಚಾವಣಿಗೂ ಊರೆ ಕೊಟ್ಟು, ಗೋಡೆಯನ್ನು ಹಂತಹಂತವಾಗಿ ಬಿಚ್ಚಿ, ಕಂಬಗಳನ್ನು ಪೂರ್ತಿ ತೆಗೆಯುತ್ತಾರೆ. ತಳಪಾಯ ನೋಡಿಕೊಂಡು ಒಳಗೆ ಬ್ಲಾಕ್, ಹೊರಗೆ ಇಟ್ಟಿಗೆ, ನಡುವೆ ಶಾಖ ತಡೆಯುವ ಪದರವಿರುವ ಗೋಡೆ ಎಬ್ಬಿಸುತ್ತಾರೆ. ಬರಿಯ ಪ್ಲಾಸ್ಟರ್, ಬಣ್ಣಕ್ಕೆ ಹಣ ಸುರಿಯಬೇಡಿ.

ಕೊನೆಗೆ ಕಾಗದಪತ್ರ. ಮಾನ್ಯ ವಿಧಾನದಲ್ಲಿ ದುರಸ್ತಿಯಾಗಿದೆ ಎಂಬ ಪ್ರಮಾಣಪತ್ರ ಇಲ್ಲದಿದ್ದರೆ ಸಾಲ ಸಿಗುವುದು ಕಷ್ಟ. ಜೋಡಿಮನೆಯಾದರೆ ಕೆಲವು ಬ್ಯಾಂಕುಗಳು ಪಕ್ಕದ ಅರ್ಧವೂ ದುರಸ್ತಿಯಾಗಿರಬೇಕೆನ್ನುತ್ತವೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಪಕ್ಕದ ಮನೆಯವರ ಬಾಗಿಲು ತಟ್ಟಿ ಬನ್ನಿ.