ಸಾಕು ಬಾತುಗಳ ಕೊಳಕ್ಕೆ ಕಾಡು ಬಾತುಗಳು ಬಂದ ಮೇಲೆ: ನನ್ನ ಅನುಭವ

ಹಿತ್ತಲಿನ ಕೊಳದಲ್ಲಿ ಚುಕ್ಕೆಕೊಕ್ಕಿನ ಕಾಡು ಬಾತುಗಳನ್ನು ಕಂಡವರೆಲ್ಲ ಮೊದಲು ಕೇಳುವುದು, ‘ಇವನ್ನು ಹೇಗೆ ಬರಿಸಿಕೊಂಡಿರಿ?’ ಎಂದು. ನಾನೇನೂ ಮಾಡಲಿಲ್ಲ. ಕರೆದದ್ದು ನನ್ನ ಸಾಕು ಬಾತುಗಳು. ಆಕಾಶದಲ್ಲಿ ಬಾತುಗಳ ಸಾಲು ಕಂಡರೆ ಹೆಣ್ಣು ಬಾತು ಕತ್ತು ಚಾಚಿ ಕೂಗುತ್ತದೆ. ಮೊದಲ ‘ಕ್ವಾಕ್’ ಗಟ್ಟಿ ಮತ್ತು ಉದ್ದ, ಮುಂದಿನವು ಒಂದಕ್ಕಿಂತ ಒಂದು ಮೆತ್ತಗೆ, ಕೊನೆಯದು ಬರೀ ಗೊಣಗಾಟ. ಗಂಡಿಗೆ ಈ ಕೂಗು ಬಾರದು; ಅದರ ಗಂಟಲಿನಿಂದ ಹೊರಡುವುದು ಒಡಕು ದನಿ. ಈ ಕರೆಯ ಬಲ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ಸಾಕು ಬಾತುಗಳನ್ನು ನೀರಿನಲ್ಲಿ ಕಟ್ಟಿಹಾಕಿ, ಅವುಗಳ ಕೂಗಿಗೆ ಇಳಿದ ಕಾಡು ಬಾತುಗಳನ್ನು ಹೊಡೆಯುತ್ತಿದ್ದರು. ಅಮೆರಿಕದಲ್ಲಿ ಈ ಪದ್ಧತಿಯನ್ನು 1935ರಲ್ಲಿ ನಿಷೇಧಿಸಲಾಯಿತು.

ಹಾಗಾಗಿ ಬರಿಸುವ ಬಗ್ಗೆ ನನ್ನ ಬಳಿ ಯಾವ ಗುಟ್ಟೂ ಇಲ್ಲ. ಬಂದ ಮೇಲೆ ಎರಡನ್ನೂ ಹೇಗೆ ನಿಭಾಯಿಸಬೇಕು ಎಂಬುದು ಮಾತ್ರ ವರ್ಷಗಳು ಕಳೆದಂತೆ ತಿಳಿಯುತ್ತಾ ಬಂದಿದೆ. ನಾನು ಪಾಲಿಸುವ ಕ್ರಮ ಇಷ್ಟೇ: ಕೊಳ ಇಬ್ಬರಿಗೂ ಇರಲಿ, ಮೇವು ಮತ್ತು ರಾತ್ರಿ ಮಾತ್ರ ಬೇರೆ ಬೇರೆ.

ಕಾಡು ಬಾತುಗಳು ಇಳಿಯುವ ಮುನ್ನ ಎರಡು ಮೂರು ಸುತ್ತು ಹಾಕುತ್ತವೆ. ನಂತರ ರೆಕ್ಕೆ ಬಾಗಿಸಿ, ಕಾಲು ಮುಂದೆ ಚಾಚಿ, ಗಾಳಿಗೆ ಎದುರಾಗಿ ನೀರಿಗಿಳಿಯುತ್ತವೆ. ಇಳಿದ ಕೂಡಲೇ ಮೇಯುವುದಿಲ್ಲ. ಬಹಳ ಹೊತ್ತು ಕೊಳದ ನಡುವೆಯೇ ಕತ್ತು ನೆಟ್ಟಗೆ ಮಾಡಿಕೊಂಡು ಸುಮ್ಮನಿರುತ್ತವೆ. ಗುರುತಿಸಲು ಅದೇ ಒಳ್ಳೆಯ ಸಮಯ. ಕಪ್ಪು ಕೊಕ್ಕು, ಅದರ ತುದಿಗೆ ಹಳದಿ, ಬುಡದಲ್ಲಿ ಎರಡೂ ಬದಿಗೆ ಕಿತ್ತಳೆಗೆಂಪು ಚುಕ್ಕೆ, ಮಡಚಿದ ರೆಕ್ಕೆಯ ಮೇಲೆ ಬಿಳಿ ಪಟ್ಟೆ. ನಾವು ತೀರಾ ಹತ್ತಿರ ಹೋದೆವು ಎನ್ನುವುದನ್ನು ಅವು ಮೊದಲೇ ತಿಳಿಸುತ್ತವೆ. ಗದ್ದವನ್ನು ಮೇಲಕ್ಕೆ ಎತ್ತಿ ಎತ್ತಿ ಇಳಿಸುತ್ತವೆ, ತಲೆ ಕೊಡವುತ್ತವೆ. ಹಾರುವ ಮುನ್ನ ಜೊತೆಯವರಿಗೆ ಕೊಡುವ ಸನ್ನೆ ಅದು. ಅಲ್ಲಿಗೇ ನಿಂತು ಒಂದು ಹೆಜ್ಜೆ ಹಿಂದಿಟ್ಟರೆ ಸಾಮಾನ್ಯವಾಗಿ ಹಾರುವುದಿಲ್ಲ. ದುರ್ಬೀನಿಗಿಂತ ಈ ಸನ್ನೆಯ ಅರಿವು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಚಿಕ್ಕ ಕೊಳಕ್ಕೆ ಯಾವ ಹಕ್ಕಿ ಬರಬಹುದು ಎಂಬುದನ್ನು ಸುತ್ತಲಿನ ಮರಗಳೂ ನಿರ್ಧರಿಸುತ್ತವೆ. ತಲೆ ಕೆಳಗೆ ಮಾಡಿ ಬಾಲವೆತ್ತಿ ಮೇಯುವ ಜಾತಿಯ ಬಾತುಗಳು ನೀರಿನಿಂದ ಹೆಚ್ಚುಕಡಿಮೆ ನೇರವಾಗಿ ಮೇಲೆ ಚಿಮ್ಮಬಲ್ಲವು, ಆದ್ದರಿಂದ ಇಕ್ಕಟ್ಟಾದ ಜಾಗ ಅವಕ್ಕೆ ತೊಡಕಲ್ಲ. ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ ನಾಮದ ಕೋಳಿಗೆ ಹಾಗಾಗದು. ನೀರಿನ ಮೇಲೆ ಬಹುದೂರ ಓಡಿದ ಮೇಲೆಯೇ ಅದು ಏರುತ್ತದೆ, ಅಷ್ಟು ಉದ್ದದ ನೀರು ನನ್ನ ಕೊಳದಲ್ಲಿಲ್ಲ. ನೀರಿನಲ್ಲಿ ಮುಳುಗಿ ಮೇಯುವ ಪುಟ್ಟ ಹಕ್ಕಿ ಗುಳುಮುಳುಕ ಮಾತ್ರ ಈ ಲೆಕ್ಕಕ್ಕೆಲ್ಲ ಸಿಗದೆ ಒಂದು ಬೆಳಿಗ್ಗೆ ಕೊಳದಲ್ಲಿತ್ತು. ಅದು ದೂರ ಹಾರುವುದೆಲ್ಲ ಹೆಚ್ಚಾಗಿ ರಾತ್ರಿಯಲ್ಲೇ, ಹಾಗಾಗಿ ಬಂದದ್ದನ್ನು ಯಾರೂ ನೋಡುವುದಿಲ್ಲ. ನನ್ನ ಬಿಳಿ ಪೆಕಿನ್ ಬಾತುಗಳು ದಿನದ ಮೊದಲ ಈಜಿಗೆ ಇಳಿದಾಗ ಅದು ಅವುಗಳ ನಡುವೆಯೇ, ಅದುಮಿ ಬಿಟ್ಟ ಚೆಂಡಿನಂತೆ, ಪುಟಕ್ಕನೆ ಮೇಲೆದ್ದಿತು. ಪೆಕಿನ್‌ಗಳು ದಂಡೆಗೆ ಓಡಿಹೋಗಿ ಬಹಳ ಹೊತ್ತು ನೀರಿಗೆ ಕೊಕ್ಕು ತೋರಿಸಿಕೊಂಡು ಬೈದವು. ಚುಕ್ಕೆಕೊಕ್ಕಿನ ಬಾತುಗಳನ್ನು ಕಂಡರೆ ಅವಕ್ಕೆ ಇಷ್ಟು ಆತಂಕವಿಲ್ಲ. ತಮ್ಮವೇ ಎಂದುಕೊಳ್ಳುತ್ತವೆಯೋ ಏನೋ.

ಈಗ ಮೇವಿನ ವಿಷಯ. ದಂಡೆಯ ಮೇಲೆ ಒಂದು ಕಾಳನ್ನೂ ಹಾಕುವುದಿಲ್ಲ. ಬಾತು ಸಾಕುವವರಿಗೆ ಇದು ಕಷ್ಟದ ಮಾತು, ಏಕೆಂದರೆ ಕೊಳದ ಬಳಿ ನಿಂತು ಕಾಳು ಎರಚುವುದರಲ್ಲೇ ನಮ್ಮ ಅರ್ಧ ಸಂತೋಷವಿದೆ. ಆದರೆ ಕಾಳು ಕಂಡ ಕಾಡು ಬಾತು ಮರುದಿನ ನಾಲ್ಕನ್ನು ಕರೆತರುತ್ತದೆ. ನೀರು ನೋಡಿ ಬಂದ ಜೋಡಿ ನಾಲ್ಕು ದಿನ ಇದ್ದು ಹೋಗುತ್ತದೆ. ಕಾಳಿಗಾಗಿ ಬಂದ ಹಿಂಡು ಹೋಗುವುದಿಲ್ಲ, ದಂಡೆಯೆಲ್ಲ ಹಿಕ್ಕೆಯಾಗುತ್ತದೆ, ಇಲಿಯೂ ಸೇರಿಕೊಳ್ಳುತ್ತದೆ. ಬ್ರೆಡ್ ಅಂತೂ ಇಬ್ಬರಿಗೂ ಬೇಡ. ಹೊಟ್ಟೆ ತುಂಬಿಸುತ್ತದೆ, ಬಾತಿಗೆ ಬೇಕಾದ ಪೋಷಕಾಂಶ ಅದರಲ್ಲಿಲ್ಲ, ಉಳಿದದ್ದು ನೀರಿನಲ್ಲಿ ಕೊಳೆಯುತ್ತದೆ.

ನನ್ನ ಬಾತುಗಳಿಗೆ ಮೇವು ಗೂಡಿನ ಒಳಗೇ, ಬೆಳಿಗ್ಗೆ ಬಿಡುವ ಮುನ್ನ ಮತ್ತು ಸಂಜೆ ಕೂಡಿದ ಮೇಲೆ. ಮೇವಿನ ಪಕ್ಕದಲ್ಲಿ ನೀರು ಇರಲೇಬೇಕು, ಒಣ ಮೇವನ್ನು ಬಾತು ನೀರಿಲ್ಲದೆ ನುಂಗಲಾರದು. ಪಾತ್ರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಬೇಕು. ಸಂಜೆಯ ಮೇವಿನಿಂದ ಇನ್ನೊಂದು ಅನುಕೂಲವಿದೆ: ಕತ್ತಲಾಗುವ ಮುನ್ನ ಬಾತುಗಳನ್ನು ಓಡಿಸಿ ಹಿಡಿಯಬೇಕಿಲ್ಲ, ತಾವಾಗಿಯೇ ಸಾಲು ಹಿಡಿದು ಗೂಡಿಗೆ ಬರುತ್ತವೆ.

ಈ ವೇಳಾಪಟ್ಟಿ ಕಾಡಿನವಕ್ಕೂ ಸರಿಹೊಂದುತ್ತದೆ. ಅವು ಹಗಲೆಲ್ಲ ದೊಡ್ಡ ನೀರಿನಲ್ಲಿ ವಿಶ್ರಮಿಸಿ, ಮುಸ್ಸಂಜೆಗೆ ಮೇಯಲು ಹೊರಡುತ್ತವೆ. ಬಹಳಷ್ಟು ಮೇವು ನಡೆಯುವುದು ಕತ್ತಲಲ್ಲಿ. ಸಾಕು ಬಾತು ಹೆಚ್ಚಾಗಿ ಮೊಟ್ಟೆಯಿಡುವುದು ರಾತ್ರಿಯ ಕೊನೆಯಲ್ಲಿ ಅಥವಾ ಬೆಳಗಿನ ಜಾವ. ಆದ್ದರಿಂದ ಬಿಸಿಲೇರುವವರೆಗೆ ನಾನು ಗೂಡಿನ ಬಾಗಿಲು ತೆರೆಯುವುದಿಲ್ಲ. ಮೊಟ್ಟೆ ಗೂಡಿನೊಳಗೇ ಸಿಗುತ್ತದೆ, ಕೊಳದ ತಳ ಸೇರುವುದಿಲ್ಲ, ಅಷ್ಟರಲ್ಲಿ ಕಾಡಿನವು ಮೇದು ಹೊರಟಿರುತ್ತವೆ. ಹಗಲಿಗೂ ಉಳಿಯುವವು ಎಲ್ಲೋ ಕೆಲವು. ಅವು ನಿದ್ರಿಸುವಾಗ ಗಮನಿಸಿ: ಸಾಲಿನ ಅಂಚಿನಲ್ಲಿರುವ ಬಾತು ಹೊರಬದಿಯ ಕಣ್ಣನ್ನು ತೆರೆದೇ ಇಟ್ಟಿರುತ್ತದೆ. ಮಲ್ಲಾರ್ಡ್ ಎಂಬ ಜಾತಿಯ ಬಾತುಗಳಲ್ಲಿ ಮಿದುಳಿನ ಒಂದು ಅರ್ಧ ನಿದ್ರಿಸುತ್ತಿರುವಾಗ ಇನ್ನೊಂದು ಅರ್ಧ ಎಚ್ಚರವಿರುತ್ತದೆ ಎಂದು 1999ರಲ್ಲಿ ವಿಜ್ಞಾನಿಗಳು ತೋರಿಸಿದರು. ನನ್ನ ಪೆಕಿನ್‌ಗಳು ಮಾತ್ರ ನಡುವೆ ಮಲಗಿ ಎರಡೂ ಕಣ್ಣು ಮುಚ್ಚುತ್ತವೆ; ಕಾವಲಿಗೆ ಬೇರೆಯವರು ಇದ್ದಾರಲ್ಲ.

ಇದಿಷ್ಟೂ ಚೆಂದದ ಕಡೆ. ಇನ್ನೊಂದು ಕಡೆಯೂ ಇದೆ, ಅದೇ ಹಕ್ಕಿಜ್ವರ. ನೀರುಹಕ್ಕಿಗಳೇ ಈ ವೈರಸ್‌ನ ಮೂಲ ನೆಲೆ. ಎಷ್ಟೋ ಕಾಡು ಬಾತುಗಳು ಯಾವ ಲಕ್ಷಣವನ್ನೂ ತೋರದೆ ಹಿಕ್ಕೆಯಲ್ಲಿ ಅದನ್ನು ಹೊರಹಾಕುತ್ತವೆ, ತಣ್ಣನೆಯ ನೀರಿನಲ್ಲಿ ಅದು ವಾರಗಟ್ಟಲೆ ಉಳಿಯಬಲ್ಲದು. ಎಚ್5ಎನ್1 ಎಂಬ ಮಾದರಿ 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗಲಿ 6 ಮಂದಿ ಸತ್ತರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡು ಹಕ್ಕಿಗಳು ಸತ್ತವು, ಅದರಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. ಹಾಗೆಂದು ನೀರಿಗಿಳಿದ ಪ್ರತಿ ಹಕ್ಕಿಯನ್ನೂ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ‘ನಮ್ಮ ಕೊಳಕ್ಕೆ ಏನೂ ಆಗದು’ ಎನ್ನುವವರ ಜೊತೆಗೂ ನಾನಿಲ್ಲ.

ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಗೂಡು ಮತ್ತು ಅದರ ಮುಂದಿನ ಅಂಗಳಕ್ಕೆ ಬಲೆಯಲ್ಲ, ಗಟ್ಟಿ ಛಾವಣಿ. ಬಲೆ ಹಕ್ಕಿಯನ್ನು ತಡೆಯುತ್ತದೆ, ಮೇಲಿಂದ ಬೀಳುವ ಹಿಕ್ಕೆಯನ್ನು ತಡೆಯುವುದಿಲ್ಲ. ಬದಿಗಳಿಗೆ ಸಣ್ಣ ಕಣ್ಣಿನ ತಂತಿಜಾಲರಿ. ಕೊಳದ ನೀರನ್ನು ಕುಡಿಯುವ ಪಾತ್ರೆಗೆ ಎಂದೂ ತುಂಬುವುದಿಲ್ಲ. ಗೂಡಿನ ಬಾಗಿಲಲ್ಲಿ ಒಂದು ಜೊತೆ ರಬ್ಬರ್ ಬೂಟು ಇದೆ, ಅದು ಆ ಅಂಗಳ ಬಿಟ್ಟು ಹೊರಗೆ ಬರುವುದಿಲ್ಲ. ಹತ್ತಿರದಲ್ಲಿ ಎಲ್ಲಾದರೂ ಹಕ್ಕಿಜ್ವರದ ಸುದ್ದಿ ಬಂದರೆ ಬಾತುಗಳು ಪೂರ್ತಿ ಒಳಗೆ. ಒಳಗಿನ ತೊಟ್ಟಿಯಲ್ಲಿ ತಲೆ ಮುಳುಗಿಸಿ ಮೈ ತೊಳೆದುಕೊಳ್ಳುವಷ್ಟು ನೀರಿದ್ದರೆ ಬಾತು ಕೊಳವಿಲ್ಲದೆಯೂ ಆರೋಗ್ಯವಾಗಿರುತ್ತದೆ, ಆದರೆ ಆ ದಿನಗಳಲ್ಲಿ ಅವುಗಳ ಗಲಾಟೆಗೆ ನಾವು ಕಿವಿ ಗಟ್ಟಿ ಮಾಡಿಕೊಳ್ಳಬೇಕು. ಹುಳು, ಬಸವನಹುಳ, ಎಳೆ ಹುಲ್ಲು ಸಿಗದಾಗ ಮೇವಿನಲ್ಲಿ ನಯಾಸಿನ್ ಎಂಬ ಜೀವಸತ್ವ ಸಾಲುತ್ತಿದೆಯೇ ಎಂದು ನೋಡಬೇಕು. ಬಾತಿಗೆ ಅದು ಕೋಳಿಗಿಂತ ಹೆಚ್ಚು ಬೇಕು. ಕಡಿಮೆಯಾದರೆ ಮೊದಲು ಸೋಲುವುದು ಮರಿಗಳ ಕಾಲು. ಅದಕ್ಕಾಗಿ ನಾನು ಯೀಸ್ಟ್ ಪುಡಿ ಬೆರೆಸುತ್ತೇನೆ.

ಸತ್ತ ಕಾಡು ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟುವುದಿಲ್ಲ, ಪಶುವೈದ್ಯ ಇಲಾಖೆಗೆ ತಿಳಿಸುತ್ತೇನೆ. ಹಾಗೆಯೇ ಬಿಟ್ಟರೂ ಅಪಾಯವಿದೆ. ಬೆಚ್ಚಗಿನ ನಿಂತ ನೀರಿನಲ್ಲಿ ಹೆಣ ಕೊಳೆತರೆ ಬಾಟುಲಿಸಂ ಎಂಬ ವಿಷಬಾಧೆ ಹುಟ್ಟಿಕೊಳ್ಳುತ್ತದೆ. ಹೆಣದ ಹುಳು ತಿಂದ ಬಾತಿನ ಕತ್ತು ಸೋತು ನೀರಿಗೆ ಬಿದ್ದು, ಅದು ಮುಳುಗಿಯೇ ಸಾಯುತ್ತದೆ. ಬಾತುಪ್ಲೇಗ್ ಎಂಬ ಇನ್ನೊಂದು ರೋಗವನ್ನೂ ಕಾಡಿನವು ತರಬಲ್ಲವು; ಅದಕ್ಕೆ ಲಸಿಕೆಯಿದೆ, ನನ್ನವಕ್ಕೆ ಹಾಕಿಸಿದ್ದೇನೆ.

ಬಾತು ಸಾಕುವವರು ಅಷ್ಟಾಗಿ ಮಾತಾಡದ ಸಂಗತಿ ಸಂಕರದ್ದು. ಮಸ್ಕವಿ ಒಂದನ್ನು ಬಿಟ್ಟರೆ ನಾವು ಸಾಕುವ ಬಾತುಗಳೆಲ್ಲ ಮಲ್ಲಾರ್ಡ್ ವಂಶದವು; ಚುಕ್ಕೆಕೊಕ್ಕಿನ ಬಾತು ಅದಕ್ಕೆ ಹತ್ತಿರದ ನೆಂಟ. ಒಂಟಿಯಾಗಿ ಬಂದ ಕಾಡು ಗಂಡು ನಮ್ಮ ಹೆಣ್ಣುಗಳ ಬೆನ್ನು ಬೀಳುತ್ತದೆ, ನಮ್ಮ ಗಂಡುಗಳೂ ಬಂದ ಹೆಣ್ಣನ್ನು ಬಿಡುವುದಿಲ್ಲ. ಹುಟ್ಟುವ ಮರಿಗಳು ಬಂಜೆಯಲ್ಲ, ಹಾರಿಹೋದರೆ ಕಾಡಿನ ರಕ್ತದಲ್ಲಿ ಸಾಕಿದ ರಕ್ತ ಬೆರೆಯುತ್ತಾ ಹೋಗುತ್ತದೆ. ನ್ಯೂಜಿಲೆಂಡ್‌ನ ಬೂದು ಬಾತು, ಹವಾಯಿಯ ಕೊಲೋವಾ ಬಾತು ಎರಡೂ ಹೊರಗಿನಿಂದ ತಂದುಬಿಟ್ಟ ಮಲ್ಲಾರ್ಡ್‌ಗಳ ಜೊತೆ ಬೆರೆತು ತಮ್ಮ ಚಹರೆಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿವೆ. ಅದಕ್ಕೇ ಗಂಡುಗಳ ಸಂಖ್ಯೆಯನ್ನು ಕಡಿಮೆ ಇಟ್ಟಿದ್ದೇನೆ, ಐದು ಹೆಣ್ಣಿಗೆ ಒಂದರಂತೆ. ಇದರಿಂದ, ಗಂಡುಗಳು ಮೇಲೇರುವಾಗ ಕಚ್ಚಿ ಹಿಡಿಯುವ ಹೆಣ್ಣುಗಳ ಹಿಂಗತ್ತಿನ ಗರಿಯೂ ಉಳಿಯುತ್ತದೆ. ಕಾಡು ಗಂಡು ಓಡಾಡುವ ಕಾಲದಲ್ಲಿ ಯಾವ ಮೊಟ್ಟೆಯನ್ನೂ ಕಾವಿಗೆ ಇಡುವುದಿಲ್ಲ. ಅದು ಹೊರಟುಹೋದ ಮೇಲೂ ಒಂದೆರಡು ವಾರ ಕಾಯುತ್ತೇನೆ, ಏಕೆಂದರೆ ಹೆಣ್ಣು ವೀರ್ಯವನ್ನು ಅಷ್ಟು ದಿನ ಒಳಗೆ ಕಾಪಿಟ್ಟುಕೊಳ್ಳಬಲ್ಲದು. ಹಾಗೆಯೇ, ಬೇಡವಾದ ಬಾತನ್ನು ‘ಸ್ವತಂತ್ರವಾಗಿರಲಿ’ ಎಂದು ಕೆರೆಗೆ ಬಿಡುವವರಿಗೆ ನಾನು ನೇರವಾಗಿಯೇ ಹೇಳುತ್ತೇನೆ, ಅದು ಬಾತಿಗೂ ಕೇಡು, ಕೆರೆಗೂ ಕೇಡು.

ಕಾಡು ಬಾತಿನ ಗರಿಯಲ್ಲಿ, ಹೊಟ್ಟೆಯಲ್ಲಿ ಬೇರೆ ಏನೇನೋ ಪ್ರಯಾಣ ಮಾಡುತ್ತದೆ. ನಾನು ಹಾಕದ ಡಕ್‌ವೀಡ್ ಎಂಬ ತೇಲುವ ಪುಟ್ಟ ನೀರುಗಿಡ ಕೊಳದ ಮೂಲೆಯಲ್ಲಿ ಕಾಣಿಸಿಕೊಂಡಿತು, ನನ್ನ ಬಾತುಗಳೇ ಅದನ್ನು ಸೋಸಿ ತಿಂದು ಮುಗಿಸುತ್ತವೆ. ‘ಯಾರೂ ಬಿಡದ ಕೊಳಕ್ಕೆ ಮೀನು ಎಲ್ಲಿಂದ ಬಂತು’ ಎನ್ನುವ ಹಳೆಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿದೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಲ್ಲಾರ್ಡ್‌ಗಳಿಗೆ ತಿನ್ನಿಸಿದ ಕಾರ್ಪ್ ಮೀನಿನ ಮೊಟ್ಟೆಗಳಲ್ಲಿ ಸುಮಾರು ಶೇ. 0.2ರಷ್ಟು ಹಿಕ್ಕೆಯಲ್ಲಿ ಜೀವಂತವಾಗಿ ಹೊರಬಂದವು. ಬಸವನಹುಳ ಮತ್ತು ಬಾತು ಎರಡೂ ಇರುವ ನೀರಿಗೆ ಮಕ್ಕಳನ್ನು ಇಳಿಸಬೇಡಿ. ಇವೆರಡರ ನಡುವೆ ಬದುಕುವ ಪರಾವಲಂಬಿ ಹುಳುವಿನ ಮರಿಗಳು ನಮ್ಮ ಚರ್ಮ ಹೊಕ್ಕು ಸಾಯುತ್ತವೆ, ನಮಗೆ ಉಳಿಯುವುದು ತುರಿಕೆ.

ಜೋಡಿಯೊಂದು ಹಗಲಲ್ಲೂ ಹೋಗದೆ, ಹೆಣ್ಣು ಮಾತ್ರ ಆಗಾಗ ಮರೆಯಾಗುತ್ತಿದ್ದರೆ ಹತ್ತಿರದ ಹುಲ್ಲಿನಲ್ಲಿ ಗೂಡಿದೆ ಎಂದು ತಿಳಿಯಬೇಕು. ಹುಡುಕಲು ಹೋಗಬಾರದು, ನಮ್ಮ ಕಾಲ್ದಾರಿಯೇ ನಾಯಿ ಬೆಕ್ಕುಗಳಿಗೆ ದಾರಿಯಾಗುತ್ತದೆ. ಸುಮಾರು ನಾಲ್ಕು ವಾರದ ಕಾವಿನ ನಂತರ ಮರಿಗಳು ಹೊರಬಂದು ಒಂದು ದಿನದೊಳಗೇ ತಾಯಿಯ ಹಿಂದೆ ನೀರಿಗಿಳಿಯುತ್ತವೆ. ಇಳಿಯುವುದು ಸುಲಭ, ಹತ್ತುವುದೇ ಕಷ್ಟ. ಸಿಮೆಂಟ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿದ ಕೊಳದ ಕಡಿದಾದ, ಜಾರುವ ದಂಡೆಯನ್ನು ಏರಲಾಗದೆ ಮರಿಗಳು ಸೋತು ಮುಳುಗುತ್ತವೆ. ಅಗಲವಾದ ಹಲಗೆಗೆ ಗೋಣಿತಾಟು ಸುತ್ತಿ, ಒಂದು ತುದಿ ನೀರಿನೊಳಗೆ ಮುಳುಗುವಂತೆ, ಇನ್ನೊಂದು ದಂಡೆಗೆ ತಾಗುವಂತೆ ಓರೆಯಾಗಿ ಕಟ್ಟಿ. ನೀರಿನ ಮಟ್ಟ ಇಳಿದಂತೆ ಹಲಗೆಯನ್ನೂ ಇಳಿಸುತ್ತಿರಬೇಕು. ಆ ಕೆಲವು ವಾರ ನನ್ನ ಪೆಕಿನ್‌ಗಳಿಗೆ ಕೊಳವಿಲ್ಲ, ತೊಟ್ಟಿಯೇ ಗತಿ. ಅವುಗಳ ಗಂಡುಗಳು ಪರರ ಮರಿಗಳನ್ನು ನೀರಿನಲ್ಲಿ ಅದುಮಿ ಕೊಲ್ಲುವುದುಂಟು.