ಎ.ಎ. ಮೀಟಿಂಗಿಗೆ ಮೊದಲ ಸಲ ಹೊರಟವರಿಗೆ

ಎ.ಎ. ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಸೇರಿ ತಮ್ಮ ಅನುಭವ ಹೇಳಿಕೊಳ್ಳುವ ಕೂಟ. ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಲು ಒಂದು ನೈಂಟಿ ಬೇಕೇ ಬೇಕು ಎನ್ನುವ ಹಂತದಲ್ಲಿದ್ದರೆ ಮೀಟಿಂಗಿಗಿಂತ ಮೊದಲು ಡಾಕ್ಟರನ್ನು ನೋಡಿ. ಹಾಗೆ ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಿನ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಂಡು, ತಾನೆಲ್ಲಿದ್ದೇನೆಂದು ತಿಳಿಯದೆ, ಜೀವಕ್ಕೇ ಕುತ್ತಾಗುತ್ತದೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್, ಈ ಕೆಲವು ದಿನಗಳನ್ನು ಔಷಧ ಕೊಟ್ಟು ದಾಟಿಸುತ್ತವೆ. ಮೈ ಅಷ್ಟರಲ್ಲಿ ಸುಧಾರಿಸುತ್ತದೆ. ಸಂಜೆ ಏಳರ ಚಡಪಡಿಕೆ ಮಾತ್ರ ಉಳಿಯುತ್ತದೆ. ಮೀಟಿಂಗ್ ಇರುವುದು ಅದಕ್ಕೆ.

ಹುಡುಕುವುದು ಸುಲಭ. ಆಲ್ಕೋಹಾಲಿಕ್ಸ್ ಅನಾನಿಮಸ್ ಹೆಸರಿನ ಜೊತೆ ನಿಮ್ಮ ಊರಿನ ಹೆಸರು ಹಾಕಿ ನೋಡಿದರೆ ದಿನ, ಜಾಗ, ಸಹಾಯವಾಣಿ ಸಿಗುತ್ತದೆ. ಫೋನ್ ಎತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟ ಸದಸ್ಯರೇ, ಸಂಕೋಚ ಬೇಡ. ಪಟ್ಟಿಯನ್ನಷ್ಟೇ ನಂಬಿ ಹೊರಡಬೇಡಿ, ಗುಂಪುಗಳು ಜಾಗ ಬದಲಿಸುತ್ತಿರುತ್ತವೆ. ಈ ಗುಂಪು ಈಗಲೂ ಸೇರುತ್ತಿದೆಯೇ, ಕನ್ನಡದಲ್ಲಿ ನಡೆಯುತ್ತದೆಯೇ, ಯಾವ ಗೇಟಿನಿಂದ ಒಳಗೆ ಹೋಗಬೇಕು ಎಂದು ಕೇಳಿ. ಗೇಟಿನ ಪ್ರಶ್ನೆ ತಮಾಷೆಯಲ್ಲ: ಶಾಲೆ, ಚರ್ಚ್, ಆಸ್ಪತ್ರೆಯ ಕೋಣೆಗಳಲ್ಲಿ ಸಂಜೆ ಸೇರುವ ಗುಂಪಿಗೆ ಬೋರ್ಡು ಇಲ್ಲದಿರಬಹುದು, ಮುಂದಿನ ಗೇಟಿಗೆ ಬೀಗ ಕಂಡು ವಾಪಸ್ ಹೋದವರು ಮತ್ತೆ ಬರುವುದು ಕಷ್ಟ. ಚರ್ಚಿನಲ್ಲಿ ಸೇರಿದರೂ ಅದು ಚರ್ಚಿನ ಕಾರ್ಯಕ್ರಮವಲ್ಲ, ಕೋಣೆ ಮಾತ್ರ ಅಲ್ಲಿಯದು.

ಇನ್ನೊಂದು ಪ್ರಶ್ನೆ, ಮೀಟಿಂಗ್ ಓಪನ್ನೋ ಕ್ಲೋಸ್ಡೋ. ಓಪನ್ ಆದರೆ ಹೆಂಡತಿ, ಅಣ್ಣ, ಸ್ನೇಹಿತ ಯಾರನ್ನಾದರೂ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ ಪ್ರವೇಶ. ಹೆಂಗಸರು ಮಹಿಳೆಯರದೇ ಗುಂಪು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಮಹಿಳಾ ಸದಸ್ಯರೊಬ್ಬರ ಜೊತೆ ಮೊದಲೇ ಫೋನಿನಲ್ಲಿ ಮಾತಾಡಿಸಲು ಕೇಳಿಕೊಳ್ಳಿ.

ಹತ್ತು ನಿಮಿಷ ಮುಂಚೆ ಹೋಗಿ, ನಡೆಸಿಕೊಡುವವರಿಗೆ 'ಮೊದಲ ಸಲ ಬಂದಿದ್ದೀನಿ' ಎಂದರೆ ಸಾಕು. ಫೀಸಿಲ್ಲ. 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಶುರುವಾದ ಈ ಕೂಟಕ್ಕೆ ಸೇರಲು ಇರುವುದು ಒಂದೇ ಷರತ್ತು, ಕುಡಿತ ಬಿಡುವ ಆಸೆ. ಪೂರ್ತಿ ಹೆಸರು, ಕೆಲಸ, ಜಾತಿ ಹೇಳಬೇಕಾಗಿಲ್ಲ. ಒಂದರಿಂದ ಒಂದೂವರೆ ಗಂಟೆ ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ; ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಇಲ್ಲ. ನಿಮ್ಮ ಸರದಿ ಬಂದಾಗ 'ಇವತ್ತು ಕೇಳಿಸ್ಕೋತೀನಿ' ಅಂದುಬಿಡಿ, ಯಾರೂ ಒತ್ತಾಯ ಮಾಡುವುದಿಲ್ಲ. ಕಾಣಿಕೆ ಡಬ್ಬಿ ಬಂದರೆ ಹೊಸಬರು ಹಾಕಲೇಬೇಕೆಂದಿಲ್ಲ. ದೇವರ ಮಾತು ಬರುತ್ತದೆ, ಕೊನೆಗೆ ಪ್ರಾರ್ಥನೆಯೂ ಇರಬಹುದು. ನಂಬಿಕೆ ಇಲ್ಲದವರು ಸುಮ್ಮನಿದ್ದರಾಯಿತು.

ಮುಗಿದ ಕೂಡಲೇ ಎದ್ದು ಓಡಬೇಡಿ. ನಮ್ಮ ಪ್ರಕಾರ ಮೀಟಿಂಗಿನಷ್ಟೇ ಮುಖ್ಯ ಆಮೇಲಿನ ಅರ್ಧ ಗಂಟೆ. ಆಗ ಮೂರು ನಾಲ್ಕು ಜನರ ನಂಬರ್ ತೆಗೆದುಕೊಳ್ಳಿ, ಮರುದಿನ ಚೆನ್ನಾಗಿದ್ದಾಗಲೇ ಒಬ್ಬರಿಗಾದರೂ ಕರೆ ಮಾಡಿ. ಅಭ್ಯಾಸವಿಲ್ಲದ ನಂಬರಿಗೆ ವೈನ್ ಶಾಪ್ ಮುಂದೆ ನಿಂತಾಗ ಯಾರ ಕೈಯೂ ಹೋಗುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಿಮ್ಮ ಮಾಮೂಲಿ ಅಂಗಡಿ ಇದ್ದರೆ ದಾರಿ ಬದಲಿಸಿ. ಹಸಿದುಕೊಂಡು ಹೋಗಬೇಡಿ, ಖಾಲಿ ಹೊಟ್ಟೆಯಲ್ಲಿ ಚಪಲ ಹೆಚ್ಚು.

ಜನ ಬಿಟ್ಟುಹೋಗುವುದಕ್ಕೆ ಕಾರಣ ಹೆಚ್ಚಾಗಿ ಎರಡು. ಒಂದು, 'ಅವನಷ್ಟು ನಾನು ಕುಡೀತಿರಲಿಲ್ಲ' ಎಂಬ ಲೆಕ್ಕ. ಇನ್ನೊಂದು, ಒಂದೇ ಮೀಟಿಂಗ್ ನೋಡಿ ತೀರ್ಮಾನ. ಒಂದೊಂದು ಗುಂಪಿನ ಸ್ವಭಾವ ಒಂದೊಂದು ಥರ, ಐದಾರು ಮೀಟಿಂಗ್ ನೋಡಿ. ಮೊದಲ 90 ದಿನಕ್ಕೆ 90 ಮೀಟಿಂಗ್ ಎನ್ನುವುದು ಹಳಬರ ಸಲಹೆ. ವಾರಕ್ಕೊಂದೇ ಮೀಟಿಂಗ್ ಇರುವ ಊರಿನವರು ಉಳಿದ ದಿನಗಳನ್ನು ಆನ್‌ಲೈನ್ ಮೀಟಿಂಗಿನಿಂದ ತುಂಬಿಸಿಕೊಳ್ಳಬಹುದು.

ಆಮೇಲೆ ಸ್ಪಾನ್ಸರ್, ಅಂದರೆ ಎ.ಎ.ಯ ಕಾರ್ಯಕ್ರಮವಾದ ಹನ್ನೆರಡು ಮೆಟ್ಟಿಲುಗಳಲ್ಲಿ ಜೊತೆಗಿರುವ ಹಿರಿಯ ಸದಸ್ಯ. ಕುಡಿತ ಬಿಟ್ಟು ವರ್ಷವಾದರೂ ಆಗಿರಲಿ; ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರುವುದು ರೂಢಿ. ಅವರ ಜೊತೆ ಸಾಲ, ಚೀಟಿ ವ್ಯವಹಾರ ಬೇಡವೇ ಬೇಡ. ಮಾನಸಿಕ ಕಾಯಿಲೆಯ ಮಾತ್ರೆ ಬಿಡು ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಸದಸ್ಯರು ಡಾಕ್ಟರಿಕೆ ಮಾಡಬಾರದೆಂದು ಎ.ಎ.ಯೇ ಹೇಳುತ್ತದೆ.

ಹಳ್ಳಿಯ ಕಡೆ ಇನ್ನೊಂದು ದಾರಿಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ, ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಅಲ್ಲಿ ಗುಟ್ಟು ಉಳಿಯುವುದಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಕೆಲವರಿಗೆ ಅದೇ ಬಲ, ಕೆಲವರಿಗೆ ಅದೇ ಅಡ್ಡಿ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಕುಡಿದರೆ? ಮುಂದಿನ ಮೀಟಿಂಗಿಗೇ ಹೋಗಿ. ಮುಖ ತೋರಿಸಲು ನಾಚಿ ತಿಂಗಳು ತಪ್ಪಿಸಿಕೊಂಡರೆ ಆ ತಿಂಗಳೂ ಕುಡಿತಕ್ಕೇ ಹೋಗುತ್ತದೆ. ಕುಡಿದೇ ಬಂದವರು ಮಾತಾಡದೆ ಹಿಂದೆ ಕೂತು ಕೇಳಬಹುದು, ಗಾಡಿ ಮಾತ್ರ ಓಡಿಸಬೇಡಿ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪು ಇದೆ. ಕುಡಿಯುವವರು ಮೀಟಿಂಗಿಗೆ ಬರಲೊಪ್ಪದಿದ್ದರೂ ಮನೆಯವರು ಅದಕ್ಕೆ ಹೋಗಬಹುದು.