ಬಡಾವಣೆಯಂತಿದ್ದ ಊರು ಸರಿಹೋದದ್ದು

ಊರು ಕಟ್ಟುವ ಕಂಪ್ಯೂಟರ್ ಆಟ ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಚಿತ್ರದುರ್ಗದ ಹಳೆಯ ಪೇಟೆಯಂಥದ್ದೊಂದು ಸಣ್ಣ ಊರನ್ನು ಬೆಟ್ಟದ ಬುಡದಲ್ಲಿ ಕಟ್ಟಬೇಕೆಂದಿದ್ದೆ. ಎಷ್ಟು ಕಟ್ಟಿದರೂ ಅದು ಹೊಸ ಬಡಾವಣೆಯಂತೆಯೇ ಕಾಣುತ್ತಿತ್ತು. ರಸ್ತೆಗಳೆಲ್ಲ ನೇರ, ಬೆಟ್ಟ ತಾಗಿದಲ್ಲೆಲ್ಲ ಮಣ್ಣು ಕಡಿದ ವಿಕಾರ ಗೋಡೆ.

ರಸ್ತೆ ಎಳೆಯುವ ಸಾಧನದಲ್ಲಿ ಸ್ನ್ಯಾಪಿಂಗ್ (ರಸ್ತೆ ತಾನಾಗಿಯೇ ನೇರ ಗೆರೆ, ಕೋನಗಳಿಗೆ ಅಂಟಿಕೊಳ್ಳುವ ಸೌಲಭ್ಯ) ಆಫ್ ಮಾಡಿದೆ. ನೆಲದ ಎತ್ತರ ತೋರಿಸುವ ಕಾಂಟೂರ್ ಗೆರೆಗಳನ್ನು ತೆರೆದಿಟ್ಟುಕೊಂಡು, ಒಂದೇ ಎತ್ತರದ ಗೆರೆಯ ಗುಂಟ ಚಿಕ್ಕ ಚಿಕ್ಕ ತುಂಡುಗಳಲ್ಲಿ ರಸ್ತೆ ಹಾಕಿದೆ. ನಮ್ಮ ಏಳು ಸುತ್ತಿನ ಕೋಟೆಯ ಗೋಡೆಗಳೂ ಬೆಟ್ಟದ ಮೈ ಹಿಡಿದೇ ಸಾಗುತ್ತವಲ್ಲ! ಕಡಿತ ಬಹುತೇಕ ಮಾಯವಾಯಿತು.

ಮನೆಗಳ ಕಾಟವೇ ಬೇರೆ. ರಸ್ತೆಯ ಪ್ರತಿ ಬದಿಗೂ ಆಟ 4 ಚೌಕಗಳ ಆಳದವರೆಗೆ ನಿವೇಶನ ಕೊಡುತ್ತದೆ. ಒಂದೊಂದು ಚೌಕ 8 ಮೀಟರ್. ಪೂರ್ತಿ ಆಳಕ್ಕೆ ವಸತಿ ವಲಯದ ಬಣ್ಣ ಬಳಿದರೆ ಹುಲ್ಲುಹಾಸಿನ ಅಗಲ ಮನೆಗಳು ಎದ್ದು ನಿಲ್ಲುತ್ತವೆ. ದುರ್ಗದ ಬಿಸಿಲಿನಲ್ಲಿ ಹುಲ್ಲುಹಾಸು ಯಾರಿಗೆ ಬೇಕು? ಸಣ್ಣ ಕುಂಚ ಹಿಡಿದು ಎರಡೇ ಚೌಕಗಳ ಆಳಕ್ಕೆ ಬಳಿದೆ. ಮನೆಗಳು ಬೀದಿಗೆ ಒತ್ತಿಕೊಂಡು ಬಂದವು. ಹಿತ್ತಿಲ ಖಾಲಿ ಜಾಗಕ್ಕೆ ಮರ ಮತ್ತು ಬಂಡೆ. ಬಂಡೆಯಲ್ಲಿ ಜಿಪುಣತನ ಬೇಡ.

ಕೊನೆಗೆ, ಆಟದಲ್ಲಿ ಮನೆಗಳ ದರ್ಜೆ ಏರಿದಾಗ ರೂಪ ಬದಲಾಗದಿರಲೆಂದು, ಇಷ್ಟವಾದ ಮನೆಗಳನ್ನು ಒಂದೊಂದಾಗಿ ಐತಿಹಾಸಿಕ ಕಟ್ಟಡವೆಂದು ಗುರುತಿಸಿದೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.